29 ಪದಕ ಯಾರ ಲೆಕ್ಕಕ್ಕೆ? ಹಾಸನ, ಚಿಕ್ಕಮಗಳೂರಿನವರ ಪ್ಯಾರಾಲಿಂಪಿಕ್ಸ್ ಚರ್ಚೆ

ಹೇಮಾವತಿ ದಂಡೆ (ಹಾಸನ):
ಹಾಸನ ಅಂದರೆ ಬೇಲೂರು, ಹಳೇಬೀಡು, ಆಲೂಗಡ್ಡೆ, ರಾಜಕೀಯ. ಪ್ಯಾರಾಲಿಂಪಿಕ್ಸ್, ಅಂದರೆ ಅಂಗವಿಕಲ ಕ್ರೀಡಾಪಟುಗಳ ಒಲಿಂಪಿಕ್ಸ್, ಅಂತ ಯಾರೂ ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ. ಭಾರತ ಮೊದಲ ಸಲ ಪ್ಯಾರಾಲಿಂಪಿಕ್ಸ್‌ಗೆ ಹೋಗಿದ್ದು 1968ರಲ್ಲಿ, ಟೆಲ್ ಅವಿವ್‌ಗೆ. ಅಲ್ಲಿಂದ 2016ರ ರಿಯೊ ತನಕ ದೇಶಕ್ಕೆ ಬಂದ ಪದಕ ಒಟ್ಟು 12. ಆಮೇಲೆ ಟೋಕಿಯೊ ಒಂದರಲ್ಲೇ 19, ಪ್ಯಾರಿಸ್‌ನಲ್ಲಿ 29.

ಈ ಕಥೆಯಲ್ಲಿ ಹಾಸನದ ಪಾಲು ಸಣ್ಣದಲ್ಲ. 2012ರಲ್ಲಿ ಲಂಡನ್‌ನಿಂದ ಭಾರತಕ್ಕೆ ಬಂದದ್ದು ಒಂದೇ ಪದಕ. ಹೈಜಂಪ್‌ನಲ್ಲಿ ಎಚ್.ಎನ್. ಗಿರೀಶ ಅವರ ಬೆಳ್ಳಿ. ಅವರು ನಮ್ಮ ಜಿಲ್ಲೆಯವರು. ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಸುಹಾಸ್ ಯತಿರಾಜ್ ಹುಟ್ಟಿದ್ದು ಹಾಸನದಲ್ಲೇ.

ನನ್ನ ವಾದ ನೇರವಾಗಿದೆ. ಸರ್ಕಾರ ದುಡ್ಡು ಹಾಕಿತು, ಪದಕ ಬಂತು. ಪದಕ ಗೆಲ್ಲಬಲ್ಲ ಕ್ರೀಡಾಪಟುಗಳಿಗೆ ಕೇಂದ್ರ ನೆರವು ಕೊಡುವ ಟಾಪ್ಸ್ ಯೋಜನೆ ಶುರುವಾಗಿದ್ದು 2014ರಲ್ಲಿ. ವಿದೇಶಿ ತರಬೇತಿ, ಫಿಸಿಯೊ, ತಿಂಗಳ ಭತ್ಯೆ ಎಲ್ಲಾ ಬಂತು. ಪ್ಯಾರಿಸ್ ಆದ ಮೇಲೆ ಕೇಂದ್ರ ಚಿನ್ನಕ್ಕೆ 75 ಲಕ್ಷ, ಬೆಳ್ಳಿಗೆ 50, ಕಂಚಿಗೆ 30 ಕೊಟ್ಟಿತು. ಒಪ್ಪದವರು ಹೇಳಿ.

ಮೂಡಿಗೆರೆ ಮೋಹನ:
ಒಪ್ಪುವುದಿಲ್ಲ. ಆದರೆ ನನ್ನ ಕಾರಣ ಬೇರೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆ ಇದ್ದದ್ದು 329. ಪ್ಯಾರಾಲಿಂಪಿಕ್ಸ್‌ನಲ್ಲಿ 549. ನೂರು ಮೀಟರ್ ಓಟ ಒಂದೇ ಅಲ್ಲ, ಅಂಗವೈಕಲ್ಯ ಯಾವುದು, ಎಷ್ಟು ಅಂತ ನೋಡಿ ವಿಭಾಗ ಮಾಡುತ್ತಾರೆ, ಒಂದೊಂದು ವಿಭಾಗಕ್ಕೆ ಒಂದೊಂದು ನೂರು ಮೀಟರ್. ಕೆಲವು ಫೈನಲ್‌ನಲ್ಲಿ ಆರೇಳು ಜನ ಇರುತ್ತಾರೆ. ಜೊತೆಗೆ ಬ್ಯಾಡ್ಮಿಂಟನ್ ಪ್ಯಾರಾಲಿಂಪಿಕ್ಸ್‌ಗೆ ಸೇರಿದ್ದೇ ಟೋಕಿಯೊದಲ್ಲಿ. ನಮಗೆ ಅಲ್ಲಿ 4 ಪದಕ, ಪ್ಯಾರಿಸ್‌ನಲ್ಲಿ 5. ಹೊಸ ಆಟ ಸೇರಿಸಿದರೆ ಪದಕ ಜಾಸ್ತಿ ಆಗದೆ ಇನ್ನೇನು? ಒಲಿಂಪಿಕ್ಸ್‌ನಲ್ಲಿ 6, ಇಲ್ಲಿ 29 ಅಂತ ಎದೆ ತಟ್ಟಿಕೊಳ್ಳುವುದು ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ. ಕ್ರೀಡಾಪಟುಗಳ ಮೇಲೆ ನನಗೆ ಗೌರವ ಇದೆ. ತಕರಾರು ಇರುವುದು ಲೆಕ್ಕದ ಮೇಲೆ.

ಬಾಣಾವರ ಎಕ್ಸ್‌ಪ್ರೆಸ್:
ಮೋಹನಣ್ಣ, ನಿಮ್ಮ ಲೆಕ್ಕವನ್ನೇ ಮುಂದಕ್ಕೆ ಎಳೆಯೋಣ. ಸ್ಪರ್ಧೆ ಜಾಸ್ತಿ ಇರುವುದು ಎಲ್ಲರಿಗೂ ತಾನೆ? ಚೀನಾಗೆ ಒಲಿಂಪಿಕ್ಸ್‌ನಲ್ಲಿ 91, ಪ್ಯಾರಾಲಿಂಪಿಕ್ಸ್‌ನಲ್ಲಿ 220. ಬ್ರಿಟನ್‌ಗೆ 65, 124. ಅಮೆರಿಕಕ್ಕೆ 126 ಇದ್ದದ್ದು 105ಕ್ಕೆ ಇಳಿಯಿತು. ನಮಗೆ ಮಾತ್ರ 6 ಇದ್ದದ್ದು 29, ಹತ್ತತ್ರ ಐದು ಪಟ್ಟು. 549 ಅನ್ನುವ ಒಂದೇ ಸಂಖ್ಯೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ.

ಇನ್ನು ಇಲ್ಲಿ ಪದಕ ಗೆಲ್ಲುವುದು ಸುಲಭ ಅನ್ನುವ ಹಾಗಿದೆ ನಿಮ್ಮ ಮಾತು. ಪ್ಯಾರಿಸ್‌ನಲ್ಲಿ ಪ್ರವೀಣ್ ಕುಮಾರ್ ಹಾರಿದ್ದು 2.08 ಮೀಟರ್. ಹುಟ್ಟಿನಿಂದಲೇ ಒಂದು ಕಾಲು ಗಿಡ್ಡ. ನಮ್ಮನೆ ಬಾಗಿಲು ಅಷ್ಟು ಎತ್ತರ ಇಲ್ಲ. ಸುಮಿತ್ ಆಂಟಿಲ್ ಕೃತಕ ಕಾಲಲ್ಲಿ ಜಾವೆಲಿನ್ ಎಸೆದದ್ದು 70.59 ಮೀಟರ್. ಎರಡು ಕಾಲೂ ಗಟ್ಟಿ ಇರುವ ಎಷ್ಟು ಜನ ಕಾಲೇಜು ಹುಡುಗರು ಅಷ್ಟು ದೂರ ಎಸೆಯುತ್ತಾರೆ, ನೀವೇ ಹೇಳಿ.

ನಿವೃತ್ತ ಹವಾಲ್ದಾರ್ (ಸಕಲೇಶಪುರ):
ಸರ್ಕಾರ ದುಡ್ಡು ಹಾಕಿತು, ಪದಕ ಬಂತು ಅನ್ನುವವರು ಮುರಳೀಕಾಂತ್ ಪೇಟ್ಕರ್ ಅವರನ್ನು ಯಾವ ಕಂತೆಗೆ ಸೇರಿಸುತ್ತೀರಿ? ಸೈನ್ಯದಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡು ತಗುಲಿತು. ಚಿಕಿತ್ಸೆಯ ಭಾಗವಾಗಿ ಈಜಲು ಶುರು ಮಾಡಿದರು. 1968ರ ಟೆಲ್ ಅವಿವ್ ತಂಡದಲ್ಲಿ ಟೇಬಲ್ ಟೆನಿಸ್ ಆಡಿದರು. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ವೈಯಕ್ತಿಕ ಚಿನ್ನ ಗೆಲ್ಲಲು ಇನ್ನೂ 36 ವರ್ಷ ಬೇಕಿತ್ತು. ಪೇಟ್ಕರ್‌ಗೆ ಪದ್ಮಶ್ರೀ ಸಿಕ್ಕಿದ್ದು 2018ರಲ್ಲಿ. ಮನುಷ್ಯ ಅಷ್ಟು ದಿನ ಬದುಕಿದ್ದರು, ಅದಕ್ಕೆ ಸಿಕ್ಕಿತು.

ಚಿನ್ನ ಗೆದ್ದ ಮೇಲೆ ದೇಶ ಮಾಡಿದ್ದೇನು ಗೊತ್ತಾ? 1976ಕ್ಕೆ ತಂಡ ಕಳಿಸಲಿಲ್ಲ. 1980ಕ್ಕೂ ಕಳಿಸಲಿಲ್ಲ. 1984ರಲ್ಲಿ ಹೋದಾಗ ಜೋಗಿಂದರ್ ಸಿಂಗ್ ಬೇಡಿ ಒಬ್ಬರೇ ಒಂದು ಬೆಳ್ಳಿ, ಎರಡು ಕಂಚು ತಂದರು. ಭೀಮರಾವ್ ಕೇಸರ್ಕರ್ ಜಾವೆಲಿನ್‌ನಲ್ಲಿ ಬೆಳ್ಳಿ ತಂದರು. ಆಮೇಲೆ 2004ರ ತನಕ ಒಂದೂ ಇಲ್ಲ. ನಡುವೆ ಬರೀ ಖಾಲಿ ವರ್ಷಗಳು. ಆ ಖಾಲಿ ವರ್ಷಗಳಿಗೂ ಸರ್ಕಾರವೇ ಲೆಕ್ಕ ಕೊಡಬೇಕು, ಅಲ್ವಾ?

ಹೇಮಾವತಿ ದಂಡೆ:
ಹವಾಲ್ದಾರ್ ಸರ್, ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ. ವ್ಯವಸ್ಥೆ ಇಲ್ಲದಾಗ ಒಬ್ಬೊಬ್ಬರು ಎಲ್ಲಿಂದಲೋ ಎದ್ದು ಬಂದರು, ಹೋದರು. ಹಿಂದೆ ಯಾರೂ ಬರಲಿಲ್ಲ. ದೇವೇಂದ್ರ ಝಝಾರಿಯಾ ಅವರನ್ನೇ ನೋಡಿ. 2004ರಲ್ಲಿ ಅಥೆನ್ಸ್‌ನಲ್ಲಿ 62.15 ಮೀಟರ್ ಎಸೆದು ಚಿನ್ನ. 2008 ಮತ್ತು 2012ರಲ್ಲಿ ಅವರ ವಿಭಾಗದ ಜಾವೆಲಿನ್ ಸ್ಪರ್ಧೆಯೇ ಇರಲಿಲ್ಲ. 12 ವರ್ಷ ಕಾದು ರಿಯೊದಲ್ಲಿ 63.97 ಎಸೆದು ಮತ್ತೆ ಚಿನ್ನ ಗೆದ್ದರು. ಇದು ಒಬ್ಬ ಮನುಷ್ಯನ ಹಟ, ದೇಶದ ಯೋಜನೆ ಅಲ್ಲ.

ಹೈಜಂಪ್ ಕಥೆ ಬೇರೆ. 2012ರಲ್ಲಿ ಗಿರೀಶ ಒಂದು ಪದಕ. 2016ರಲ್ಲಿ ಮಾರಿಯಪ್ಪನ್ ತಂಗವೇಲು ಚಿನ್ನ, ವರುಣ್ ಸಿಂಗ್ ಭಾಟಿ ಕಂಚು, ಅಲ್ಲಿಗೆ ಎರಡು. ಟೋಕಿಯೊದಲ್ಲಿ ನಾಲ್ಕು, ಪ್ಯಾರಿಸ್‌ನಲ್ಲಿ ಮತ್ತೆ ನಾಲ್ಕು. ಹೈಜಂಪ್ ಒಂದರಲ್ಲೇ 11 ಪದಕ, ನಾಲ್ಕು ಕೂಟ ಬಿಡದೆ. ಗಿರೀಶ ಅವರಿಗೂ ಮಾರಿಯಪ್ಪನ್‌ಗೂ ಹೇಳಿಕೊಟ್ಟ ಕೋಚ್ ಒಬ್ಬರೇ, ಬೆಂಗಳೂರಿನ ಸತ್ಯನಾರಾಯಣ. ಅಂದರೆ ಒಬ್ಬ ಕೋಚ್‌ಗೆ ದಾರಿ ಗೊತ್ತಾಯಿತು, ಒಬ್ಬ ಹುಡುಗ ಗೆದ್ದು ತೋರಿಸಿದ, ಉಳಿದವರು ಹಿಂದೆಯೇ ಬಂದರು. ಆ ಸರಪಳಿಯ ಮೊದಲ ಕೊಂಡಿ ಹಾಸನದ್ದು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಲಂಡನ್‌ನ ಆ ಫೈನಲ್ ನೋಡಿದವರಿಗೆ ನೆನಪಿರಬಹುದು. ಮೊದಲ ಮೂರೂ ಜನ ಹಾರಿದ್ದು 1.74 ಮೀಟರೇ. ಯಾರು ಕಡಿಮೆ ಸಲ ಕಂಬಿ ಬೀಳಿಸಿದ್ದಾರೆ ಅಂತ ನೋಡಿ ಚಿನ್ನ ಕೊಟ್ಟರು. ಅದು ಫಿಜಿಯ ಇಲಿಯೆಸಾ ಡೆಲಾನಾಗೆ ಹೋಯಿತು. ಅಷ್ಟು ಹತ್ತಿರದಲ್ಲಿ ತಪ್ಪಿತು.

ಮೂಡಿಗೆರೆ ಮೋಹನ:
ಒಬ್ಬ ಕೋಚ್ ಮತ್ತು ಒಬ್ಬ ಹುಡುಗ ಅಂತ ನೀವೇ ಬರೆದಿರಿ. ಇದರಲ್ಲಿ ಸರ್ಕಾರ ಎಲ್ಲಿ ಬಂತು? 2012ರಲ್ಲಿ ಟಾಪ್ಸ್ ಹುಟ್ಟೇ ಇರಲಿಲ್ಲ.

ಕಾಫಿ ತೋಟದ ಶೈಲ (ಬಾಳೆಹೊನ್ನೂರು):
ಗಂಡಸರ ಪಟ್ಟಿ ಚೆನ್ನಾಗಿ ಬೆಳೆಯುತ್ತಿದೆ. ಈಗ ನಾನು ಸ್ವಲ್ಪ ಹೇಳುತ್ತೇನೆ. 1968ರ ತಂಡದಲ್ಲಿದ್ದ 10 ಜನರಲ್ಲಿ ಇಬ್ಬರು ಹೆಂಗಸರು. ಹೆಣ್ಣುಮಗಳೊಬ್ಬಳಿಗೆ ಮೊದಲ ಪದಕ ಬಂದದ್ದು 2016ರಲ್ಲಿ, ದೀಪಾ ಮಲಿಕ್ ಶಾಟ್‌ಪುಟ್ ಬೆಳ್ಳಿ ಗೆದ್ದಾಗ. ನಡುವೆ ಹೋದದ್ದು 48 ವರ್ಷ. ಅಷ್ಟರಲ್ಲಿ ನಮ್ಮ ಕರ್ನಾಟಕದ ಮಾಲತಿ ಹೊಳ್ಳ 1988ರ ಸೋಲ್‌ನಿಂದ ಶುರು ಮಾಡಿ ವೀಲ್‌ಚೇರ್‌ನಲ್ಲಿ ದೇಶ ದೇಶ ಸುತ್ತಿ ಆಡಿದರು. 2001ರಲ್ಲಿ ಪದ್ಮಶ್ರೀ ಬಂತು. ಪ್ಯಾರಾಲಿಂಪಿಕ್ಸ್ ಪದಕ ಇಲ್ಲ ಅಂತ ಇವತ್ತಿನ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲ. ಪದಕದಿಂದ ಮಾತ್ರ ಇತಿಹಾಸ ಬರೆದರೆ ಹೀಗೇ ಆಗುವುದು.

ಟೋಕಿಯೊದಲ್ಲಿ ಅವನಿ ಲೇಖರಾ ಚಿನ್ನ ಗೆದ್ದ ಮೇಲೆ ಬಾಗಿಲು ತೆರೆಯಿತು. ಪ್ಯಾರಿಸ್‌ಗೆ ಹೋದ 84 ಜನರಲ್ಲಿ 32 ಹೆಣ್ಣುಮಕ್ಕಳು. ಅದರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಕೂಡ ಒಬ್ಬರು. ಕಣ್ಣು ಕಾಣದವರ 1500 ಮೀಟರ್ ಓಟ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. ಪ್ಯಾರಿಸ್‌ನಲ್ಲಿ ಫೈನಲ್‌ಗೆ ಹೋಗಲಿಲ್ಲ, ಹಾಗಾಗಿ ನಿಮ್ಮ 29ರಲ್ಲಿ ಅವರಿಲ್ಲ. ಮೋಹನಣ್ಣ, ನಿಮ್ಮ ಜಿಲ್ಲೆಯ ಹುಡುಗಿ. ಸುಲಭ ಅಂತ ಅವರ ಮುಂದೆ ಹೇಳಿ ನೋಡೋಣ.

ಪಿಟಿ ಮೇಷ್ಟ್ರು (ಚಿಕ್ಕಮಗಳೂರು):
ಶೈಲಾ ಮೇಡಂ ರಕ್ಷಿತಾ ಅವರ ಹೆಸರು ತೆಗೆದದ್ದು ಒಳ್ಳೆಯದಾಯಿತು. ಅಜ್ಜಿ ಬೆಳೆಸಿದ ಮಗು, ಚಿಕ್ಕಮಗಳೂರಿನ ಅಂಧ ಮಕ್ಕಳ ಶಾಲೆಯಲ್ಲಿ ಓದಿದವರು. ಈ ಹುಡುಗಿ ಓಡಬಲ್ಲಳು ಅಂತ ಮೊದಲು ಕಂಡುಹಿಡಿದದ್ದು ಒಬ್ಬ ಪಿಟಿ ಮೇಷ್ಟ್ರು. ನಮ್ಮ ಜಾತಿಯವರಿಗೆ ಇಂಥ ಹೊಗಳಿಕೆ ಅಪರೂಪ, ಅದಕ್ಕೇ ಎತ್ತಿ ಹೇಳುತ್ತಿದ್ದೇನೆ.

ಅವರ ವಿಭಾಗಕ್ಕೆ ಟಿ11 ಅನ್ನುತ್ತಾರೆ. ಟಿ ಅಂದರೆ ಟ್ರ್ಯಾಕ್. 11ರಿಂದ 13 ದೃಷ್ಟಿದೋಷ ಇರುವವರಿಗೆ. 11ರಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಡಬೇಕು, ಸ್ವಲ್ಪ ಬೆಳಕು ಕಾಣುವವರಿಗೆ ಲಾಭ ಆಗಬಾರದು ಅಂತ. ಪಕ್ಕದಲ್ಲಿ ಗೈಡ್ ಓಡುತ್ತಾರೆ. ಇಬ್ಬರ ಕೈಗೂ ಒಂದು ತುಂಡು ಹಗ್ಗ. ಗೈಡ್ ಮುಂದೆ ಹೋಗಿ ಎಳೆಯುವ ಹಾಗಿಲ್ಲ. ಗೆರೆಯನ್ನು ಓಟಗಾರರೇ ಮೊದಲು ದಾಟಬೇಕು. ಇದರ ಅರ್ಥ ಏನು ಅಂದರೆ, ಒಬ್ಬ ಓಟಗಾರ್ತಿಗೆ ಇಬ್ಬರ ಊಟ, ಇಬ್ಬರ ಶೂ, ಇಬ್ಬರ ಬಸ್ ಚಾರ್ಜು. ಗೈಡ್ ಸಿಗದೆ ಓಟ ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಹೋಬಳಿ ಮಟ್ಟದಲ್ಲಿ ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹೇಮಾವತಿಯವರು ಹೇಳುವ ಟಾಪ್ಸ್ ಸಿಗುವುದು ಮೇಲೆ ಬಂದವರಿಗೆ. ಮೇಲೆ ಬರುವ ತನಕ ಏನು?

ಅರಕಲಗೂಡು ರವಿ:
ಮೇಷ್ಟ್ರೆ, ಅದನ್ನೇ ಕೇಳಬೇಕು ಅಂತಿದ್ದೆ. ನನಗೆ ಚಿಕ್ಕಂದಿನಿಂದ ಎಡಗಾಲು ಸೊರಗಿದೆ. ಹೈಸ್ಕೂಲಿನಲ್ಲಿ ಆಟದ ಪಿರಿಯಡ್ ಬಂದರೆ ನನಗೆ ಖಾಯಂ ಕೆಲಸ ಒಂದೇ. ಎಲ್ಲರ ಬ್ಯಾಗು, ಚಪ್ಪಲಿ ಕಾಯುವುದು. ಕ್ರೀಡಾಕೂಟ ಇದ್ದರೆ ಸ್ಕೋರ್ ಬರೆಯಲು ಕೂರಿಸುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು, ಬೈಯುವುದಕ್ಕೂ ಆಗುವುದಿಲ್ಲ. ಇವನೂ ಏನಾದರೂ ಎಸೆಯಬಹುದು, ಹಾರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಗಿರೀಶ ಅವರು ನಮ್ಮ ಜಿಲ್ಲೆಯವರೇ ಅಂತ ಟಿವಿಯಲ್ಲಿ ನೋಡುವಷ್ಟರಲ್ಲಿ ನಾನು ಮೊಬೈಲ್ ಅಂಗಡಿಗೆ ಸೇರಿ ಆಗಿತ್ತು.

ಹಾಗಾಗಿ 12 ಇತ್ತು, 29 ಆಯಿತು ಅನ್ನುವ ಲೆಕ್ಕ ನನಗೆ ರುಚಿಸುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಇವತ್ತು ಎಷ್ಟು ಹುಡುಗರು ಬ್ಯಾಗು ಕಾಯುತ್ತಿದ್ದಾರೆ, ಆ ಲೆಕ್ಕ ಹೇಳಿ.

ಬಾಣಾವರ ಎಕ್ಸ್‌ಪ್ರೆಸ್:
ರವಿ, ಇದಕ್ಕೆ ತಮಾಷೆ ಮಾಡಲು ನನ್ನ ಹತ್ತಿರ ಏನೂ ಇಲ್ಲ.

ಹೇಮಾವತಿ ದಂಡೆ:
ರವಿ ಹೇಳಿದ್ದು ಕೇಳಿದೆ. ಆದರೂ ವಾದ ಬಿಡುವುದಿಲ್ಲ. ಕೆಳಗೆ ಏನೂ ಇಲ್ಲ ಅನ್ನುವುದು ನಿಜ. ಅದಕ್ಕೆ ಮೇಲೆ ಆದದ್ದು ಸುಳ್ಳಾಗುವುದಿಲ್ಲ. 2015ರಲ್ಲಿ ಗಾಜಿಯಾಬಾದ್‌ನಲ್ಲಿ ಪ್ಯಾರಾ ಅಥ್ಲೆಟಿಕ್ಸ್ ರಾಷ್ಟ್ರೀಯ ಕೂಟ ನಡೆಯಿತು. ವೀಲ್‌ಚೇರ್‌ನಲ್ಲಿ ಬಂದವರಿಗೆ ಬಳಸಲು ಆಗುವಂಥ ಶೌಚಾಲಯ ಇರಲಿಲ್ಲ, ನೆಲದ ಮೇಲೆ ಮಲಗಿದರು. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ನಮ್ಮ ದೇಶದ ಸಮಿತಿಯನ್ನು ಅಮಾನತು ಮಾಡಿತು. ಹತ್ತು ವರ್ಷ ಬಿಟ್ಟು, 2025ರಲ್ಲಿ, ಅದೇ ದೇಶ ದೆಹಲಿಯಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ನಡೆಸಿ 22 ಪದಕ ಗೆದ್ದಿತು. ಈಗ ನಮ್ಮ ಸಮಿತಿಗೆ ಅಧ್ಯಕ್ಷರು ಝಝಾರಿಯಾ ಅವರೇ. ಇದು ಬದಲಾವಣೆ ಅಲ್ಲವೇ?

ನಿವೃತ್ತ ಹವಾಲ್ದಾರ್:
ಬದಲಾವಣೆ ಹೌದು. ಅದೇ ದೆಹಲಿ ಕೂಟದಲ್ಲಿ ಬೀದಿನಾಯಿ ಬಂದು ವಿದೇಶಿ ಕೋಚ್‌ಗಳನ್ನು ಕಚ್ಚಿದ್ದನ್ನೂ ಸೇರಿಸಿ. ಸ್ಟೇಡಿಯಂ ಒಳಗೇ.

ಮೂಡಿಗೆರೆ ಮೋಹನ:
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ವಿಭಾಗ ಮಾಡುವವರು ಯಾರು? ಟೋಕಿಯೊದಲ್ಲಿ ವಿನೋದ್ ಕುಮಾರ್ ಡಿಸ್ಕಸ್‌ನಲ್ಲಿ ಕಂಚು ಗೆದ್ದರು. ಮರುದಿನ ಆ ವಿಭಾಗಕ್ಕೆ ನೀವು ಸೇರುವುದಿಲ್ಲ ಅಂತ ಪದಕ ವಾಪಸ್ ತೆಗೆದುಕೊಂಡರು. 20 ಆಗಬೇಕಿದ್ದದ್ದು 19 ಆಯಿತು. ಪ್ಯಾರಿಸ್‌ನಲ್ಲಿ ನವದೀಪ್ ಸಿಂಗ್‌ಗೆ ಜಾವೆಲಿನ್ ಚಿನ್ನ ಬಂದದ್ದು ಮೊದಲ ಸ್ಥಾನದ ಇರಾನ್ ಆಟಗಾರನನ್ನು ನಡತೆಯ ನಿಯಮದ ಮೇಲೆ ಅನರ್ಹ ಮಾಡಿದ ಮೇಲೆ. ಟೋಕಿಯೊದಲ್ಲಿ ಚಿನ್ನ ಗೆದ್ದ ಪ್ರಮೋದ್ ಭಗತ್ ಪ್ಯಾರಿಸ್‌ಗೆ ಹೋಗಲೇ ಇಲ್ಲ. ಉದ್ದೀಪನ ಮದ್ದಿನ ಪರೀಕ್ಷೆಗೆ ಎಲ್ಲಿ ಸಿಗುತ್ತೇನೆ ಅಂತ ತಿಳಿಸುವ ನಿಯಮ ಪಾಲಿಸಲಿಲ್ಲ ಅಂತ 18 ತಿಂಗಳು ಅಮಾನತು. ಇಷ್ಟೆಲ್ಲಾ ಏರುಪೇರು ಇರುವ ಸಂಖ್ಯೆಯ ಮೇಲೆ ದೇಶದ ಪ್ರಗತಿಯನ್ನು ಅಳೆಯಬೇಡಿ ಅನ್ನುವುದಷ್ಟೇ ನನ್ನ ಮಾತು.

ಪಿಟಿ ಮೇಷ್ಟ್ರು:
ಮೋಹನ್, ನವದೀಪ್ ಎಸೆದದ್ದು 47.32 ಮೀಟರ್. ಬೆಳ್ಳಿಯಾಗಿದ್ದರೂ ಅದು ದೊಡ್ಡ ಎಸೆತವೇ. ಆದರೆ ವಿಭಾಗದ ಪ್ರಶ್ನೆ ಸರಿಯಾದದ್ದು. ಹಳ್ಳಿ ಮಕ್ಕಳು ಎಡವುವುದೂ ಅಲ್ಲೇ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಜಿಲ್ಲಾ ಆಸ್ಪತ್ರೆಯ ಪರ್ಸೆಂಟೇಜ್. ಶೇ 40 ಇದ್ದರೆ ಪಿಂಚಣಿ, ಬಸ್ ಪಾಸ್, ಮೀಸಲಾತಿ. ಆಟಕ್ಕೆ ಆ ಪರ್ಸೆಂಟೇಜ್ ಲೆಕ್ಕಕ್ಕಿಲ್ಲ. ಅಲ್ಲಿ ಪರಿಣತರ ತಂಡ ಕೂತು ಕಾಲು ಎಷ್ಟು ಮಡಚುತ್ತದೆ, ಸ್ನಾಯುವಿನ ಬಲ ಎಷ್ಟು, ಕೈ ಎಷ್ಟು ಉದ್ದ ಅಂತ ಅಳೆಯುತ್ತದೆ. ಆಮೇಲೆ ಆಟ ಆಡುವುದನ್ನೂ ನೋಡುತ್ತದೆ. ಒಂದು ಆಟಕ್ಕೆ ಅರ್ಹ ಆದವರು ಇನ್ನೊಂದಕ್ಕೆ ಆಗದೆ ಇರಬಹುದು. ದೇಶದೊಳಗೆ ಒಂದು ವಿಭಾಗ ಸಿಕ್ಕಿ, ಹೊರದೇಶಕ್ಕೆ ಹೋದಾಗ ಬೇರೆಯಾಗಬಹುದು. ವಿನೋದ್ ಅವರಿಗೆ ಕೂಟದ ನಡುವೆ ಹೀಗಾಯಿತು. ಅವರನ್ನು ಮೋಸಗಾರ ಅಂತ ಬರೆದವರನ್ನು ನೋಡಿ ನನಗೆ ಬೇಜಾರಾಗಿತ್ತು.

ನಾನು ಒಬ್ಬ ಹುಡುಗನನ್ನು ಇಂಥ ಪರೀಕ್ಷೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಕೈಯಲ್ಲಿ ಸರ್ಟಿಫಿಕೇಟ್ ಇದೆ, ಎಸೆತವೂ ಚೆನ್ನಾಗಿದೆ. ಅಳೆದು ನೋಡಿ ಕನಿಷ್ಠ ಮಟ್ಟಕ್ಕೆ ಸ್ವಲ್ಪ ಕಡಿಮೆ ಬಂತು, ನೀನು ಅರ್ಹ ಅಲ್ಲ ಅಂದರು. ಊರಲ್ಲಿ ಅವನನ್ನು ಕುಂಟ ಅಂತ ಕರೆಯುತ್ತಾರೆ, ಅಲ್ಲಿ ನೀನು ಸರಿಯಿದ್ದೀಯ ಅಂತಾರೆ. ವಾಪಸ್ ಬರುವಾಗ ಕಡೂರಿನ ತನಕ ಮಾತೇ ಆಡಲಿಲ್ಲ. ಮೊದಲೇ ಯಾರಾದರೂ ಹೇಳಿದ್ದರೆ ಬೇರೆ ಹುಡುಗರ ಜೊತೆಯಲ್ಲೇ ಆಡಿಸುತ್ತಿದ್ದೆ. ಹೇಳುವವರು ಜಿಲ್ಲೆಯಲ್ಲಿ ಇಲ್ಲ.

ಬಾಣಾವರ ಎಕ್ಸ್‌ಪ್ರೆಸ್:
ಹಾಗಾದರೆ ಸುಹಾಸ್ ಅವರ ಕಥೆಯನ್ನು ಹೇಗೆ ಓದಬೇಕು? ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್, ಉತ್ತರ ಪ್ರದೇಶದಲ್ಲಿ ಐಎಎಸ್. ಟೋಕಿಯೊಗೆ ಹೋದಾಗ ನೋಯ್ಡಾ ಇರುವ ಗೌತಮ ಬುದ್ಧ ನಗರದ ಜಿಲ್ಲಾಧಿಕಾರಿ. ಕೋವಿಡ್ ಕಾಲ ಬೇರೆ. ಫೈನಲ್‌ನಲ್ಲಿ ಫ್ರಾನ್ಸ್‌ನ ಲೂಕಾಸ್ ಮಝೂರ್ ಎದುರು ಮೊದಲ ಗೇಮ್ 21-15 ಗೆದ್ದು ಆಮೇಲೆ ಸೋತರು. ಪ್ಯಾರಿಸ್‌ನಲ್ಲೂ ಅದೇ ಮಝೂರ್.

ಅರಕಲಗೂಡು ರವಿ:
ಅವರ ಮೇಲೆ ನನಗೆ ಒಂದು ಮಾತೂ ಇಲ್ಲ. ಕಚೇರಿ ಮುಗಿಸಿ ರಾತ್ರಿ ಆಡಿ ಆ ಮಟ್ಟಕ್ಕೆ ಹೋಗುವುದು ಸುಮ್ನೆ ಅಲ್ಲ. ಆದರೆ ಹಾಸನದಲ್ಲಿ ಹುಟ್ಟಿದ್ದಕ್ಕೆ ಹಾಸನದ ಪದಕ ಅನ್ನುವುದು ಬೇಡ. ಗಿರೀಶ ಅವರೂ ಬೆಂಗಳೂರಿಗೆ ಹೋಗಬೇಕಾಯಿತು, ರಕ್ಷಿತಾ ಅವರೂ ಹೋಗಬೇಕಾಯಿತು. ಇಲ್ಲಿ ಹುಟ್ಟುತ್ತಾರೆ, ಬೇರೆ ಕಡೆ ಬೆಳೆಯುತ್ತಾರೆ, ಗೆದ್ದ ಮೇಲೆ ನಾವು ಫ್ಲೆಕ್ಸ್ ಕಟ್ಟುತ್ತೇವೆ.

ಹೇಮಾವತಿ ದಂಡೆ:
ಫ್ಲೆಕ್ಸ್ ಕಟ್ಟುವುದೂ ತಪ್ಪಾ ಮಾರಾಯ? ಹೈಜಂಪ್‌ನಲ್ಲಿ ಒಂದು ನಾಲ್ಕಾದದ್ದು ಹೇಗೆ ಅಂತ ಮೇಲೆ ಬರೆದೆ. ಒಬ್ಬರನ್ನು ನೋಡಿ ಇನ್ನೊಬ್ಬರು ಬಂದರು. ಆ ನೋಡುವ ಕೆಲಸಕ್ಕೆ ಫ್ಲೆಕ್ಸೂ ಬೇಕು. ಇವತ್ತು ಬ್ಯಾಗು ಕಾಯುವ ಹುಡುಗ ಅದನ್ನು ನೋಡಿ ಮೇಷ್ಟ್ರನ್ನು ಒಂದು ಮಾತು ಕೇಳಿದರೂ ಸಾಕು.

ಕಾಫಿ ತೋಟದ ಶೈಲ:
ಕೇಳಿದಾಗ ಮೇಷ್ಟ್ರಿಗೆ ಉತ್ತರ ಗೊತ್ತಿರಬೇಕಲ್ಲ. ನಾನು ಈಗಲೇ ಕೇಳುತ್ತೇನೆ. ನಮ್ಮ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಒಂದು ಹುಡುಗಿ ಇದ್ದಾಳೆ, ಒಂಬತ್ತನೇ ಕ್ಲಾಸು. ಕಣ್ಣು ತುಂಬಾ ಮಂದ, ಆದರೆ ತೋಟದ ರಸ್ತೆಯಲ್ಲಿ ನಾಯಿ ಜೊತೆ ಓಡುತ್ತಾಳೆ, ನೋಡಿದರೆ ಭಯ ಆಗುತ್ತದೆ. ಮೇಷ್ಟ್ರೆ, ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಪಿಟಿ ಮೇಷ್ಟ್ರು:
ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ತೋರಿಸಬೇಕು. ಆ ವರದಿಯಲ್ಲಿ ದೃಷ್ಟಿ ಎಷ್ಟು ಅಂತ ಸಂಖ್ಯೆಯಲ್ಲಿ ಸರಿಯಾಗಿ ಬರೆಸಿಕೊಳ್ಳಿ. ಕನ್ನಡಕ ಹಾಕಿ ಎಷ್ಟು ಕಾಣುತ್ತದೆ ಅನ್ನುವುದು ಮುಖ್ಯ. ಕನ್ನಡಕದಿಂದ ಸರಿಹೋಗುವ ಹಾಗಿದ್ದರೆ ಪ್ಯಾರಾ ಓಟ ಬೇಡ, ಮೊದಲು ಕನ್ನಡಕ ಕೊಡಿಸಿ. ಸರಿಹೋಗುವುದಿಲ್ಲ ಅಂದರೆ 11, 12, 13ರಲ್ಲಿ ಯಾವುದು ಅಂತ ಆಮೇಲೆ ಅವರು ನೋಡುತ್ತಾರೆ. 12ರಲ್ಲಿ ಗೈಡ್ ಬೇಕಾದರೆ ಇಟ್ಟುಕೊಳ್ಳಬಹುದು, 13ರಲ್ಲಿ ಒಬ್ಬಳೇ ಓಡಬೇಕು.

ನಾಯಿ ಜೊತೆ ರಸ್ತೆಯಲ್ಲಿ ಓಡಿಸುವುದು ಇವತ್ತೇ ನಿಲ್ಲಿಸಿ. ಎಸ್ಟೇಟ್ ಜೀಪು ತಿರುವಿನಲ್ಲಿ ಹೇಗೆ ಬರುತ್ತದೆ ಅಂತ ನಿಮಗೇ ಗೊತ್ತು.

ಕಾಫಿ ತೋಟದ ಶೈಲ:
ಗೈಡ್ ನಾನೇ ಆಗಬಹುದಾ? ಕಾಲೇಜಿನಲ್ಲಿ ಓಡುತ್ತಿದ್ದೆ.

ಪಿಟಿ ಮೇಷ್ಟ್ರು:
ಅವಳಿಗಿಂತ ಜೋರಾಗಿ ಓಡಬಲ್ಲಿರಾದರೆ ಆಗಬಹುದು ಮೇಡಂ. ಓಡುತ್ತಾ ಮಾತೂ ಆಡಬೇಕು, ತಿರುವು ಬಂತು, ಇನ್ನು ನೂರು ಮೀಟರ್ ಅಂತ. ಭಾನುವಾರ ಇಬ್ಬರೂ ಗ್ರೌಂಡಿಗೆ ಬನ್ನಿ, 800 ಮೀಟರ್ ಟೈಮ್ ತೆಗೆಯೋಣ.

ಮೂಡಿಗೆರೆ ಮೋಹನ:
ಮೂಡಿಗೆರೆ ಕಡೆ ಇಂಥ ಮಕ್ಕಳಿದ್ದರೆ ಕರೆದುಕೊಂಡು ಬರಲು ನನ್ನ ಓಮ್ನಿ ಇದೆ, ಡೀಸೆಲ್ ಕೇಳಬೇಡಿ, ಅದು ಪೆಟ್ರೋಲ್ ಗಾಡಿ. 549ರ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಿಲ್ಲ.